ನಾಣ್ಯಕ್ಕೆ ತಾಮ್ರದ ಲೇಪ: ಒರೆಸಿದರೂ ಎದ್ದು ಬರದಂತೆ ಕೂರಿಸುವ ಕ್ರಮ

‘ಮೈಲುತುತ್ತದ ನೀರಿನಲ್ಲಿ ನಾಣ್ಯ ಅದ್ದಿದೆ, ಕ್ಷಣದಲ್ಲಿ ಕೆಂಪಾಯಿತು, ಬಟ್ಟೆಯಲ್ಲಿ ಒರೆಸಿದ್ದೇ ತಡ ಎಲ್ಲ ಎದ್ದು ಬಂತು. ಎಲ್ಲಿ ತಪ್ಪಿದೆ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆಯುತ್ತಿದ್ದೇನೆ.

ನಾಣ್ಯದ ಮೇಲೆ ತಾಮ್ರ ತರಿಸುವುದು ಏನೇನೂ ಕಷ್ಟವಲ್ಲ. ಅದು ಅಲ್ಲೇ ನಿಲ್ಲುವಂತೆ ಮಾಡುವುದೇ ಕಷ್ಟ. ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಪಾಲು ಸ್ವಿಚ್ ಹಾಕುವ ಮೊದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಆರಂಭದ ಹಂತಗಳನ್ನು ಹಾರಿಸಿ ಮುಂದೆ ಹೋಗಬೇಡಿ.

ಕೈ ಹಾಕುವ ಮೊದಲು

ಚಲಾವಣೆಯಲ್ಲಿರುವ ನಾಣ್ಯವನ್ನು ವಿರೂಪಗೊಳಿಸುವುದು ಹಲವು ದೇಶಗಳಲ್ಲಿ ಅಪರಾಧ. ಲೇಪ ಹಾಕಿದ ನಾಣ್ಯವನ್ನು ಬೇರೆ ನಾಣ್ಯವೆಂದು ದಾಟಿಸುವುದಂತೂ ಎಲ್ಲ ಕಡೆಯೂ ವಂಚನೆಯೇ. ನಿಮ್ಮಲ್ಲಿನ ಕಾನೂನು ತಿಳಿದುಕೊಳ್ಳಿ. ಸಂಶಯವಿದ್ದರೆ ಹಿತ್ತಾಳೆಯ ಟೋಕನ್ ಅಥವಾ ಅಚ್ಚೊತ್ತದ ಲೋಹದ ಬಿಲ್ಲೆ ಬಳಸಿ; ಮುಂದಿನ ಹಂತಗಳೆಲ್ಲ ಅದಕ್ಕೂ ಹಾಗೇ ಅನ್ವಯಿಸುತ್ತವೆ.

ಹಳೆಯ, ಅಪರೂಪದ ನಾಣ್ಯಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಸಂಗ್ರಾಹಕರು ಬೆಲೆ ಕೊಡುವುದು ನಾಣ್ಯದ ಮೂಲ ಮೈಗೆ. ಲೇಪಕ್ಕೆಂದು ಉಜ್ಜಿ ಆಮ್ಲದಲ್ಲಿ ಅದ್ದಿದರೆ ಆ ಮೈ ಹೋಗುತ್ತದೆ. ಆಮೇಲೆ ತಾಮ್ರವನ್ನು ಕಳಚಿದರೂ ಅದು ಮರಳಿ ಬರುವುದಿಲ್ಲ.

ದ್ರಾವಣದೊಳಗೆ ನಡೆಯುವುದೇನು

ವಿದ್ಯುಲ್ಲೇಪನ ಎಂದರೆ ಕರೆಂಟಿನ ಸಹಾಯದಿಂದ ಒಂದು ಲೋಹದ ಮೇಲೆ ಇನ್ನೊಂದು ಲೋಹದ ತೆಳು ಪದರ ಕೂರಿಸುವುದು. ತಾಮ್ರದ ಲವಣ ಕರಗಿದ ನೀರಿನಲ್ಲಿ ಎರಡು ಲೋಹದ ತುಂಡುಗಳು ಮುಳುಗಿರುತ್ತವೆ. ವಿದ್ಯುತ್ ಮೂಲದ ಪ್ಲಸ್ ತುದಿಗೆ ಜೋಡಿಸಿದ್ದು ಆನೋಡ್, ಇಲ್ಲಿ ಅದು ತಾಮ್ರದ ತುಂಡು. ಮೈನಸ್ ತುದಿಗೆ ಜೋಡಿಸಿದ್ದು ಕ್ಯಾಥೋಡ್, ಅಂದರೆ ನಿಮ್ಮ ನಾಣ್ಯ. ಆನೋಡಿನ ತಾಮ್ರ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ, ಅಂದರೆ ವಿದ್ಯುದಾವೇಶ ಹೊತ್ತ ಕಣವಾಗಿ, ನೀರಿಗೆ ಇಳಿಯುತ್ತದೆ. ನಾಣ್ಯದ ಬಳಿ ಅಂಥ ಅಯಾನುಗಳು ಎಲೆಕ್ಟ್ರಾನು ಪಡೆದು ಮತ್ತೆ ಲೋಹವಾಗಿ ಕೂರುತ್ತವೆ. ಒಂದು ಕಡೆ ಕರಗಿದಷ್ಟು ಇನ್ನೊಂದು ಕಡೆ ಕೂರುವುದರಿಂದ ದ್ರಾವಣ ಖರ್ಚಾಗುವುದಿಲ್ಲ. ಕರಗುವುದು ಆನೋಡ್ ಮಾತ್ರ.

ಬೇಕಾದ ಸಾಮಾನು

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು. ಆದಷ್ಟು ಶುದ್ಧವಾದದ್ದನ್ನೇ ಕೊಳ್ಳಿ; ಸುಣ್ಣ ಅಥವಾ ಬೇರೆ ಪುಡಿ ಬೆರೆಸಿದ ಬೆಳೆ ಔಷಧ ಈ ಕೆಲಸಕ್ಕೆ ಬಾರದು. ಡಿಸ್ಟಿಲ್ಡ್ ವಾಟರ್. ಹೊಸ ಬ್ಯಾಟರಿ ಆಸಿಡ್, ಅಂದರೆ ನೀರು ಬೆರೆಸಿದ ಗಂಧಕಾಮ್ಲ. ಹಳೆಯ ಬ್ಯಾಟರಿಯಿಂದ ಬಗ್ಗಿಸಿದ್ದು ಬೇಡ, ಅದರಲ್ಲಿ ಸೀಸವಿರುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಅಗಲ ಬಾಯಿಯ ಪಾತ್ರೆ. ಅದು ಮತ್ತೆ ಅಡುಗೆಮನೆಗೆ ಹೋಗಬಾರದು.

ಆನೋಡಿಗೆ ತಾಮ್ರದ ಕೊಳವೆ, ತಗಡು ಅಥವಾ ದಪ್ಪ ತಂತಿ. ಸಿಗುವುದಾದರೆ ನೀರಿನ ಕೊಳಾಯಿಗೆ ಬಳಸುವ ತಾಮ್ರದ ಕೊಳವೆಯೇ ಒಳ್ಳೆಯದು. ಅಂಥ ಕೊಳವೆಯ ತಾಮ್ರದಲ್ಲಿ ಸಾಮಾನ್ಯವಾಗಿ ಅತ್ಯಲ್ಪ ರಂಜಕ ಸೇರಿರುತ್ತದೆ, ಅದರಿಂದ ಆನೋಡ್ ಪುಡಿಯಾಗಿ ಉದುರದೆ ಸಮನಾಗಿ ಕರಗುತ್ತದೆ. ಲೇಪನದ ಕಾರ್ಖಾನೆಗಳೂ ರಂಜಕ ಬೆರೆತ ತಾಮ್ರವನ್ನೇ ಆನೋಡಾಗಿ ಬಳಸುತ್ತವೆ. ಮೋಟಾರಿನ ಸುರುಳಿಯಿಂದ ಬಿಚ್ಚಿದ ತಂತಿಯಾದರೆ ಅದರ ಮೇಲಿನ ಕಣ್ಣಿಗೆ ಕಾಣದ ವಾರ್ನಿಷ್ ಪದರವನ್ನು ಪೂರ್ತಿ ಉಜ್ಜಿ ತೆಗೆಯಿರಿ.

ವಿದ್ಯುತ್ ಮೂಲವಾಗಿ, ಕರೆಂಟನ್ನು ಇಂತಿಷ್ಟೇ ಎಂದು ಮಿತಿಗೊಳಿಸಬಹುದಾದ ಡಿಸಿ ಪವರ್ ಸಪ್ಲೈ ಇದ್ದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಇಲ್ಲದಿದ್ದರೆ 1.5 ವೋಲ್ಟಿನ ದೊಡ್ಡ ಸೆಲ್, ಜೊತೆಗೆ 10 ಓಮ್ ರೆಸಿಸ್ಟರ್, ಕರೆಂಟ್ ಅಳೆಯಲು ಮಲ್ಟಿಮೀಟರ್. ಫೋನ್ ಚಾರ್ಜರನ್ನು ಅಥವಾ 9 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಗೋಡೆಯ ಪ್ಲಗ್ಗಿನ ವಿದ್ಯುತ್ತಿನ ಯೋಚನೆಯೇ ಬೇಡ. ಅದು ಪ್ರಾಣಕ್ಕೆ ಅಪಾಯ.

ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು, ಗಾಳಿಯಾಡುವ ಜಾಗ ಕಡ್ಡಾಯ. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ, ಕಣ್ಣಿಗೆ ಬಿದ್ದರೆ ಗಂಭೀರ ಹಾನಿ. ಕಣ್ಣಿಗೆ ಸಿಡಿದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ವೈದ್ಯರ ಬಳಿಗೆ ಹೋಗಿ. ಮಕ್ಕಳು ಈ ಕೆಲಸವನ್ನು ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡಬೇಕು.

ಹಂತ 1: ನಾಣ್ಯ ಯಾವ ಲೋಹದ್ದೆಂದು ತಿಳಿಯಿರಿ

ಎದ್ದು ಬರುವ ತಾಮ್ರದ ಗುಟ್ಟು ಇಲ್ಲೇ ಇದೆ. ಕಬ್ಬಿಣ, ಸತು ಮೊದಲಾದವು ತಾಮ್ರಕ್ಕಿಂತ ಚುರುಕಾಗಿ ಎಲೆಕ್ಟ್ರಾನು ಬಿಟ್ಟುಕೊಡುವ ಲೋಹಗಳು. ಅವನ್ನು ಮೈಲುತುತ್ತದ ನೀರಿಗೆ ಹಾಕಿದೊಡನೆ ಕರೆಂಟೇ ಇಲ್ಲದೆ ಅವು ತಾವೇ ಕರಗತೊಡಗಿ, ಆ ಜಾಗಕ್ಕೆ ತಾಮ್ರ ಬಂದು ಕೂರುತ್ತದೆ. ಇದಕ್ಕೆ ಪಲ್ಲಟ ಲೇಪ ಎನ್ನೋಣ. ತಳದ ಲೋಹ ಕರಗುತ್ತಿರುವಾಗಲೇ ಅದರ ಮೇಲೆ ಅವಸರದಲ್ಲಿ ಬಿದ್ದ ಈ ತಾಮ್ರ ಸಡಿಲ ಪುಡಿಯಂತಿರುತ್ತದೆ. ಇದರ ಮೇಲೆ ನೀವು ಎಷ್ಟು ಹೊತ್ತು ಕರೆಂಟ್ ಹರಿಸಿ ಎಷ್ಟು ದಪ್ಪ ಲೇಪ ಕೂರಿಸಿದರೂ ಬುಡ ಗಟ್ಟಿಯಿಲ್ಲ. ಎಲ್ಲವೂ ಒಟ್ಟಿಗೆ ಹಪ್ಪಳದಂತೆ ಏಳುತ್ತದೆ.

ಹಾಗಾಗಿ ಮೊದಲು ಆ ನಾಣ್ಯ ಹೊರಡಿಸಿದ ಟಂಕಸಾಲೆ ಅಥವಾ ಕೇಂದ್ರ ಬ್ಯಾಂಕು ಪ್ರಕಟಿಸಿರುವ ಲೋಹದ ವಿವರ ನೋಡಿ. ಆಮೇಲೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಒಳಗೆ ಸಾದಾ ಉಕ್ಕು, ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಅಥವಾ ನಿಕಲ್ ಇದೆ, ಅದನ್ನು ಬದಿಗಿಡಿ. ಅಂಟದಿದ್ದರೆ ಮೈಲುತುತ್ತದ ನೀರಿನ ಒಂದು ಹನಿಯನ್ನು ನಾಣ್ಯದ ಮೇಲೆ ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಕೆಂಪು ಅಥವಾ ಕಪ್ಪು ಕಲೆ ಬಿದ್ದರೆ ಅದೂ ಬೇಡ.

ಈ ಎರಡು ಪರೀಕ್ಷೆಗಳನ್ನೂ ದಾಟಿ ಮೋಸ ಮಾಡುವ ಲೋಹಗಳೂ ಇವೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹನಿಗೂ ಬೇಗ ಬಣ್ಣ ಬದಲಿಸುವುದಿಲ್ಲ. ಅದರ ಮೈಮೇಲಿನ ಆಕ್ಸೈಡ್ ಪೊರೆ ತಡೆಯುತ್ತದೆ, ಅದೇ ಪೊರೆ ಲೇಪ ಅಂಟುವುದನ್ನೂ ತಡೆಯುತ್ತದೆ. ಕೈಯಲ್ಲಿ ಹಿಡಿದಾಗಿನ ಹಗುರತನದಿಂದಲೇ ಅದು ಗೊತ್ತಾಗುತ್ತದೆ. ಅಯಸ್ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಸ್ಟೀಲಿನ ಕಥೆಯೂ ಇದೇ. ಅಲ್ಲಿ ಪೊರೆ ಕ್ರೋಮಿಯಂ ಆಕ್ಸೈಡಿನದು.

ಮೊದಲ ಪ್ರಯತ್ನಕ್ಕೆ ಹೇಳಿಮಾಡಿಸಿದವು ತಾಮ್ರ–ನಿಕಲ್ ಮಿಶ್ರಲೋಹ, ಹಿತ್ತಾಳೆ ಮತ್ತು ಕಂಚು. ಬೆಳ್ಳಿಯ ಬಣ್ಣದ ಅನೇಕ ನಾಣ್ಯಗಳು ನಿಜಕ್ಕೂ 75 ಭಾಗ ತಾಮ್ರ, 25 ಭಾಗ ನಿಕಲ್. ಇವುಗಳ ಮೇಲೆ ತಾಮ್ರ ನೇರವಾಗಿ, ಗಟ್ಟಿಯಾಗಿ ಕೂರುತ್ತದೆ.

ಟಂಕಸಾಲೆಗಳು ಉಕ್ಕಿಗೂ ಸತುವಿಗೂ ತಾಮ್ರ ಲೇಪಿಸುತ್ತವಲ್ಲ ಎಂದು ನೀವು ಕೇಳಬಹುದು. ಹೌದು. ಅಮೆರಿಕದ ಒಂದು ಸೆಂಟ್ ನಾಣ್ಯ 1982ರಲ್ಲಿ ತಾಮ್ರ ಲೇಪಿತ ಸತುವಿಗೆ ಬದಲಾಯಿತು. ಅದರಲ್ಲಿ ತಾಮ್ರ ಶೇ 2.5 ಮಾತ್ರ. ಬ್ರಿಟನ್ನಿನ 1 ಮತ್ತು 2 ಪೆನ್ನಿ ನಾಣ್ಯಗಳು 1992ರಿಂದ ತಾಮ್ರ ಲೇಪಿತ ಉಕ್ಕಿನವು. ಯೂರೋದ 1, 2 ಮತ್ತು 5 ಸೆಂಟ್‌ಗಳೂ ಹಾಗೆಯೇ. ಆದರೆ ಅಲ್ಲಿ ಲೇಪಿಸುವುದು ಬಿಲ್ಲೆಯನ್ನು. ಲೇಪವಾದ ಮೇಲೆ ಅಚ್ಚೊತ್ತುತ್ತಾರೆ. ಮೇಲಾಗಿ ಉಕ್ಕು, ಸತುವಿನಂಥ ಲೋಹಕ್ಕೆ ಉದ್ಯಮದಲ್ಲಿ ಮೊದಲು ತೆಳುವಾದ ನಿಕಲ್ ಪದರವನ್ನೋ ಸಯನೈಡ್ ದ್ರಾವಣದಿಂದ ತಾಮ್ರದ ಪದರವನ್ನೋ ಕೊಡುವುದು ರೂಢಿ. ಸಯನೈಡ್ ಮಾರಕ ವಿಷ. ಅದಕ್ಕೆ ಆಮ್ಲ ತಗುಲಿದರೆ ಕೊಲ್ಲುವ ಅನಿಲ ಹೊರಡುತ್ತದೆ. ಮನೆಯಲ್ಲಿ ಅದರ ಹತ್ತಿರ ಸುಳಿಯಲೇಬೇಡಿ. ಉಕ್ಕಿನ ನಾಣ್ಯಕ್ಕೇ ಲೇಪ ಬೇಕೆಂದಿದ್ದರೆ ಲೇಪನದ ಕೆಲಸ ಗೊತ್ತಿರುವ ಕಾರ್ಖಾನೆಗೆ ಕೊಡಿ.

ಹಂತ 2: ದ್ರಾವಣ ಸಿದ್ಧಮಾಡಿ

ಅರ್ಧ ಲೀಟರ್ ದ್ರಾವಣ ಒಂದೆರಡು ನಾಣ್ಯಗಳಿಗೆ ಧಾರಾಳ ಸಾಕು. 350 ಮಿಲಿಲೀಟರ್ ಬೆಚ್ಚಗಿನ ಡಿಸ್ಟಿಲ್ಡ್ ವಾಟರಿಗೆ 100 ಗ್ರಾಂ ಮೈಲುತುತ್ತ ಹಾಕಿ, ಹರಳು ಪೂರ್ತಿ ಕರಗುವ ತನಕ ಪ್ಲಾಸ್ಟಿಕ್ ಅಥವಾ ಗಾಜಿನ ಕಡ್ಡಿಯಿಂದ ಕಲಕಿ. ಪೂರ್ತಿ ತಣಿದ ಮೇಲೆ ಸುಮಾರು 50 ಮಿಲಿಲೀಟರ್ ಬ್ಯಾಟರಿ ಆಸಿಡನ್ನು ಸ್ವಲ್ಪ ಸ್ವಲ್ಪವಾಗಿ, ಕಲಕುತ್ತಾ ಸೇರಿಸಿ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಹಾಕಬಾರದು. ತಿರುವು ಮುರುವಾದರೆ ಬಿಸಿಯೇರಿ ಮುಖಕ್ಕೆ ಸಿಡಿಯುತ್ತದೆ. ಕೊನೆಗೆ ನೀರು ಸೇರಿಸಿ 500 ಮಿಲಿಲೀಟರ್ ಮಾಡಿ. ಕಸ ಕಂಡರೆ ಕಾಫಿ ಸೋಸುವ ಕಾಗದದಲ್ಲಿ ಸೋಸಿ.

ಆಮ್ಲವಿದ್ದರೆ ದ್ರಾವಣದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ತಾಮ್ರ ನುಣುಪಾಗಿ ಕೂರುತ್ತದೆ. ಬ್ಯಾಟರಿ ಆಸಿಡ್ ಮುಟ್ಟಲು ಮನಸ್ಸಿಲ್ಲದವರು ಅದರ ಬದಲು ಅಷ್ಟೇ ಬಿಳಿ ವಿನೆಗರ್ ಹಾಕಿ, ಮುಂದಿನ ಹಂತದಲ್ಲಿ ಹೇಳುವ ಕರೆಂಟನ್ನು ಅರ್ಧಕ್ಕಿಳಿಸಿ, ಹೊತ್ತನ್ನು ಇಮ್ಮಡಿ ಮಾಡಬಹುದು. ಲೇಪ ತುಸು ಒರಟಾಗುತ್ತದೆ, ಆದರೆ ಕೆಲಸ ಆಗುತ್ತದೆ.

ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಒಳ್ಳೆಯದೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಹಾಕಬೇಡಿ. ಕಾರ್ಖಾನೆಯ ದ್ರಾವಣದಲ್ಲಿ ಹೊಳಪು ಕೊಡುವ ರಾಸಾಯನಿಕಗಳ ಜೊತೆಗೆ ಅತ್ಯಲ್ಪ ಕ್ಲೋರೈಡ್ ಅಳೆದು ಬಳಸುತ್ತಾರೆ. ಕೈಯಳತೆಯ ಚಿಟಿಕೆ ಅದಲ್ಲ. ತಾಮ್ರ ಸಿಗಲಿಲ್ಲವೆಂದು ಸ್ಟೇನ್‌ಲೆಸ್ ಸ್ಟೀಲಿನ ಚಮಚವನ್ನು ಆನೋಡ್ ಮಾಡುವವರೂ ಇದ್ದಾರೆ. ಅದರಿಂದ ವಿಷಕಾರಿ ಕ್ರೋಮಿಯಂ ದ್ರಾವಣಕ್ಕಿಳಿಯಬಹುದು. ಅದೂ ಬೇಡ.

ಹಂತ 3: ಕರೆಂಟ್ ಎಷ್ಟೆಂದು ಲೆಕ್ಕ ಹಾಕಿ

ಇಲ್ಲಿ ಮುಖ್ಯವಾದದ್ದು ಕರೆಂಟ್ ಸಾಂದ್ರತೆ, ಅಂದರೆ ನಾಣ್ಯದ ಪ್ರತಿ ಚದರ ಸೆಂಟಿಮೀಟರ್ ಮೈಗೆ ಎಷ್ಟು ಕರೆಂಟ್ ಬೀಳುತ್ತದೆ ಎಂಬುದು. ಮನೆಯ ಕೆಲಸಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಸುರಕ್ಷಿತ ಮಿತಿ. 20ರವರೆಗೂ ಹೋಗಬಹುದು, ಆದರೆ ಆಗ ದ್ರಾವಣವನ್ನು ಬಿಡದೆ ಕಲಕುತ್ತಿರಬೇಕು.

25 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ನಾಣ್ಯ ಎಂದಿಟ್ಟುಕೊಳ್ಳಿ. ಎರಡು ಮುಖಗಳು ಸೇರಿ ಸುಮಾರು 9.8, ಅಂಚು 1.6, ಒಟ್ಟು 11.4 ಚದರ ಸೆಂಟಿಮೀಟರ್. ಅದಕ್ಕೆ ಬೇಕಾದ ಕರೆಂಟ್ ಸುಮಾರು 114 ಮಿಲಿಆಂಪಿಯರ್. ಮೇಲೆ ಹೇಳಿದ 1.5 ವೋಲ್ಟ್ ಸೆಲ್ಲು ಮತ್ತು 10 ಓಮ್ ರೆಸಿಸ್ಟರ್ ಜೋಡಿ ಕೊಡುವುದು ಸುಮಾರು ಇಷ್ಟನ್ನೇ, ಇಲ್ಲವೇ ತುಸು ಕಡಿಮೆ. ಎರಡು ಮುಖಗಳನ್ನೂ ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ.

ಲೇಪ ಎಷ್ಟು ದಪ್ಪವಾದೀತು ಎಂಬುದನ್ನೂ ಮೊದಲೇ ಹೇಳಬಹುದು. 1830ರ ದಶಕದಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ, ಕೂರುವ ಲೋಹದ ತೂಕ ಹರಿದ ವಿದ್ಯುತ್ತಿಗೆ ಸರಿಯಾಗಿ ಅನುಪಾತದಲ್ಲಿರುತ್ತದೆ. ಈ ದ್ರಾವಣದಲ್ಲಿ 1 ಆಂಪಿಯರ್ ಒಂದು ಗಂಟೆ ಹರಿದರೆ 1.186 ಗ್ರಾಂ ತಾಮ್ರ. ನಮ್ಮ ನಾಣ್ಯಕ್ಕೆ ಒಂದು ಗಂಟೆಯಲ್ಲಿ ಸುಮಾರು 0.135 ಗ್ರಾಂ, ದಪ್ಪ 13 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 13 ಭಾಗ. ನೋಡಲು ಅಲ್ಪವೆನಿಸಿದರೂ ಪ್ರದರ್ಶನಕ್ಕಿಡುವ ನಾಣ್ಯಕ್ಕೆ ಇದು ಬೇಕಾದಷ್ಟಾಯಿತು. ಇದಕ್ಕಿಂತ ಬಹಳ ದಪ್ಪ ಮಾಡಿದರೆ ಅಕ್ಷರ, ಚಿತ್ರಗಳ ಗೆರೆ ಮೊಂಡಾಗುತ್ತವೆ. ಟಂಕಸಾಲೆಯಲ್ಲಿ ಅಚ್ಚು ಆಮೇಲೆ ಬೀಳುವುದರಿಂದ ಅವರಿಗೆ ಆ ಚಿಂತೆಯಿಲ್ಲ, ನಮಗಿದೆ.

ಬೇಗ ಮುಗಿಸಲೆಂದು ಕರೆಂಟ್ ಏರಿಸುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು. ಆಗ ನಾಣ್ಯದ ಸುತ್ತಲಿನ ನೀರಿನಲ್ಲಿ ತಾಮ್ರದ ಅಯಾನುಗಳು ತೀರಿಹೋಗುವ ವೇಗಕ್ಕೆ ಹೊಸವು ಬಂದು ತುಂಬಲಾರವು. ಕೂರುವ ತಾಮ್ರ ಕಡುಗಂದು ಪುಡಿಯಾಗುತ್ತದೆ, ಜೊತೆಗೆ ಜಲಜನಕದ ಗುಳ್ಳೆ ಏಳಬಹುದು. ಲೇಪನದವರು ಇದನ್ನೇ ಲೇಪ ಸುಟ್ಟಿತು ಎನ್ನುತ್ತಾರೆ.

ಹಂತ 4: ಶುಚಿಗೊಳಿಸಿ

ಕಣ್ಣಿಗೆ ಫಳಫಳ ಹೊಳೆಯುವ ನಾಣ್ಯವೂ ಶುಚಿಯಾಗಿರುವುದಿಲ್ಲ. ಬೆರಳಿನ ಒಂದು ಗುರುತಿನಲ್ಲಿರುವ ಜಿಡ್ಡು ಸಾಕು, ಅಷ್ಟು ಜಾಗದಲ್ಲಿ ಲೇಪ ನಿಲ್ಲುವುದಿಲ್ಲ.

ಗವಸು ಹಾಕಿಕೊಳ್ಳಿ, ಇಲ್ಲಿಂದ ಕೊನೆಯವರೆಗೆ ಬರಿಗೈ ನಾಣ್ಯಕ್ಕೆ ತಗುಲಬಾರದು. ಲೇಪ ಹೊಳೆಯಬೇಕೆಂದಿದ್ದರೆ ಪಾಲಿಶ್ ಮಾಡುವುದು ಈಗಲೇ, ಏಕೆಂದರೆ ತೆಳು ಲೇಪ ಅಡಿಯ ಗೀರುಗಳನ್ನು ಮುಚ್ಚದು. ಆಮೇಲೆ ಪಾತ್ರೆ ತೊಳೆಯುವ ದ್ರವ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಸಿನೀರಿನಲ್ಲಿ ಉಜ್ಜಿ. ಅಕ್ಷರಗಳ ಸಂದಿ, ಅಂಚಿನ ಗೆರೆಗಳನ್ನು ಬಿಡಬೇಡಿ. ಪಾಲಿಶಿನ ಮೇಣ ಕೂರುವುದು ಅಲ್ಲೇ. ನಂತರ ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರಿನಲ್ಲಿ ಇನ್ನೊಮ್ಮೆ ಉಜ್ಜಿ ಚೆನ್ನಾಗಿ ತೊಳೆಯಿರಿ.

ಈಗ ನೀರಿನ ಪರೀಕ್ಷೆ. ನಾಣ್ಯವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಎತ್ತಿ. ನೀರು ಒಂದೇ ಹಾಳೆಯಂತೆ ಮೈಯೆಲ್ಲ ಹರಡಿ ನಿಂತರೆ ಜಿಡ್ಡು ಹೋಗಿದೆ. ಹನಿಹನಿಯಾಗಿ ಒಡೆದರೆ, ಅಥವಾ ಒಂದು ಜಾಗ ಬಿಟ್ಟು ಸರಿದರೆ, ಮತ್ತೆ ಉಜ್ಜಿ. ಈ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಬೇಡಿ.

ಕೊನೆಯದು ಆಮ್ಲದ ಅದ್ದು. ಒಂದು ಭಾಗ ಬ್ಯಾಟರಿ ಆಸಿಡನ್ನು ಐದು ಭಾಗ ನೀರಿಗೆ ಸೇರಿಸಿ, ಅದರಲ್ಲಿ ನಾಣ್ಯವನ್ನು ಅರ್ಧದಿಂದ ಒಂದು ನಿಮಿಷ ಇಡಿ. ಮೈಮೇಲಿನ ತೆಳು ಆಕ್ಸೈಡ್ ಕರಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಒಣಗಲು ಬಿಡದೆ, ಒದ್ದೆಯಾಗಿದ್ದಾಗಲೇ ಮುಂದಕ್ಕೆ ಒಯ್ಯಿರಿ. ‘ಇವತ್ತು ಶುಚಿ ಮಾಡಿಟ್ಟು ನಾಳೆ ಲೇಪ ಹಾಕುತ್ತೇನೆ’ ಎಂದರೆ ಇಷ್ಟು ಹೊತ್ತಿನ ಶ್ರಮ ನೀರುಪಾಲು.

ಹಂತ 5: ಜೋಡಣೆ

ಇದನ್ನೆಲ್ಲ ಶುಚಿ ಮಾಡುವ ಮೊದಲೇ ಸಜ್ಜಾಗಿಟ್ಟುಕೊಂಡಿದ್ದರೆ ಒಳ್ಳೆಯದು. ತೆಳು ತಾಮ್ರದ ತಂತಿಯನ್ನು ನಾಣ್ಯದ ಅಂಚಿಗೆ ಬಿಗಿಯಾಗಿ ಸುತ್ತಿ, ತೂಗುಬಿಡಲು ಬಾಲ ಬಿಡಿ. ಸಡಿಲವಾಗಿದ್ದರೆ ಕರೆಂಟ್ ಬಿಟ್ಟು ಬಿಟ್ಟು ಹರಿದು ಲೇಪ ಪದರ ಪದರವಾಗುತ್ತದೆ.

ನಾಣ್ಯದ ಎರಡೂ ಕಡೆ ಒಂದೊಂದು ಆನೋಡ್ ಇರಲಿ, 5ರಿಂದ 8 ಸೆಂಟಿಮೀಟರ್ ದೂರದಲ್ಲಿ. ಎರಡನ್ನೂ ಒಂದೇ ಪ್ಲಸ್ ತುದಿಗೆ ಜೋಡಿಸಿ. ಒಂದೇ ಆನೋಡ್ ಇದ್ದರೆ ಆಗಾಗ ನಾಣ್ಯ ತಿರುಗಿಸಬೇಕು, ಇಲ್ಲದಿದ್ದರೆ ಬೆನ್ನು ಬೋಳಾಗಿ ಉಳಿಯುತ್ತದೆ. ಹತ್ತಿರ ತಂದಷ್ಟೂ ಅಂಚುಗಳಿಗೆ ಹೆಚ್ಚು, ನಡುವಿಗೆ ಕಡಿಮೆ ತಾಮ್ರ. ಆನೋಡಿನ ಒಟ್ಟು ಮೈ ನಾಣ್ಯದಷ್ಟಾದರೂ ಇರಲಿ, ಇಮ್ಮಡಿಯಿದ್ದರೆ ಇನ್ನೂ ಒಳ್ಳೆಯದು. ಉದುರುವ ಕಣಗಳು ನಾಣ್ಯ ಸೇರದಂತೆ ಆನೋಡಿಗೆ ತೆಳು ಬಟ್ಟೆಯ ಚೀಲ ತೊಡಿಸಿ. ಮೊಸಳೆ ಬಾಯಿ ಕ್ಲಿಪ್ಪುಗಳು ದ್ರಾವಣಕ್ಕೆ ಮುಟ್ಟಬಾರದು. ಅವುಗಳ ಉಕ್ಕು ಕರಗಿ ದ್ರಾವಣ ಕೆಡುತ್ತದೆ.

ಪ್ಲಸ್–ಮೈನಸ್ ಎರಡು ಸಲ ನೋಡಿ. ಅದಲುಬದಲಾದರೆ ಕರಗುವುದು ನಿಮ್ಮ ನಾಣ್ಯ.

ಹಂತ 6: ಲೇಪನ

ಲೆಕ್ಕ ಹಾಕಿದ ಕರೆಂಟಿನ ಅರ್ಧದಿಂದ ಶುರುಮಾಡಿ. ಮೂರು ನಿಮಿಷದ ನಂತರ ನಾಣ್ಯ ಎತ್ತಿ ನೋಡಿ. ಮೈಯೆಲ್ಲ ಸಮನಾದ ನಸುಗೆಂಪು ಬಂದಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಹತ್ತಿಯಿಂದ ಮೆಲ್ಲಗೆ ಉಜ್ಜಿ. ಹತ್ತಿ ಕೆಂಪಾಗದಿದ್ದರೆ ಬುಡ ಗಟ್ಟಿಯಿದೆ. ಕೂಡಲೇ ಆಮ್ಲದಲ್ಲಿ ಅದ್ದಿ ತೊಳೆದು ಮತ್ತೆ ಇಳಿಬಿಡಿ. ತೇಪೆ ತೇಪೆಯಾಗಿ ಬಂದಿದ್ದರೆ ಮುಂದುವರಿಸಬೇಡಿ. ಜಿಡ್ಡು ಉಳಿದಿದೆ, ಹಂತ 4ಕ್ಕೆ ಹಿಂತಿರುಗಿ. ಬರಿಯ ಜಾಗದ ಮೇಲೆ ಹೊತ್ತು ಕಳೆದಂತೆ ತಾನಾಗಿ ಕೂರೀತು ಎಂಬ ಆಸೆ ಫಲಿಸುವುದಿಲ್ಲ.

ಎಲ್ಲ ಸರಿಯಿದ್ದರೆ ಕರೆಂಟನ್ನು ಪೂರ್ತಿ ಮಟ್ಟಕ್ಕೆ ತಂದು 30ರಿಂದ 60 ನಿಮಿಷ ಬಿಡಿ. ಕೋಣೆಯ ಬಿಸುಪು ಸಾಕು. ದ್ರಾವಣ ನಿಧಾನವಾಗಿ ಕದಡುತ್ತಿರಲಿ. ಮೀನಿನ ತೊಟ್ಟಿಗೆ ಹಾಕುವ ಚಿಕ್ಕ ಗಾಳಿ ಪಂಪು ಈ ಕೆಲಸ ಚೆನ್ನಾಗಿ ಮಾಡುತ್ತದೆ. ಅರ್ಧ ಹೊತ್ತಾದಾಗ ತಂತಿಯ ಹಿಡಿತವನ್ನು ಸ್ವಲ್ಪ ಸರಿಸಿ, ಇಲ್ಲದಿದ್ದರೆ ಅದು ಒತ್ತಿದ ಜಾಗದಲ್ಲಿ ಗುರುತು ಉಳಿಯುತ್ತದೆ.

ನಡುವೆ ಕರೆಂಟ್ ತಾನಾಗಿ ಇಳಿದರೆ ಆನೋಡ್ ನೋಡಿ. ಕಪ್ಪು ಪೊರೆ ಕಟ್ಟಿದ್ದರೆ ಹೊರತೆಗೆದು ಬ್ರಷ್ಷಿನಿಂದ ಉಜ್ಜಿ; ನೀಲಿ ಹರಳು ಕಟ್ಟಿದ್ದರೆ ದ್ರಾವಣ ಗಡುಸಾಗಿದೆ, ಡಿಸ್ಟಿಲ್ಡ್ ವಾಟರ್ ಸೇರಿಸಿ. ಲೇಪದ ಮೇಲೆ ಮರಳಿನಂಥ ತರಿ ಕೈಗೆ ಸಿಕ್ಕರೆ ಕಣಗಳು ತೇಲುತ್ತಿವೆ, ಸೋಸಿ.

ಹಂತ 7: ತೊಳೆದು, ಪರೀಕ್ಷಿಸಿ, ಕಾಪಾಡಿ

ನಾಣ್ಯವನ್ನು ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ಆಮ್ಲದ ಶೇಷ ಕಳೆದು, ಮತ್ತೆ ತೊಳೆದು ತಕ್ಷಣ ಒಣಗಿಸಿ. ಒದ್ದೆಯಾಗಿ ಬಿಟ್ಟರೆ ನೋಡನೋಡುತ್ತ ಕಂದು ಕಲೆ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಅಂಟುಪಟ್ಟಿಯನ್ನು ಗಟ್ಟಿಯಾಗಿ ಒತ್ತಿ ಥಟ್ಟನೆ ಎಳೆಯಿರಿ. ಪಟ್ಟಿಗೆ ತಾಮ್ರ ಹತ್ತದಿದ್ದರೆ ಲೇಪ ನಿಂತಿದೆ. ನಿಖರವಾದ ತಕ್ಕಡಿಯಿದ್ದರೆ ಮೊದಲಿನ ಮತ್ತು ಈಗಿನ ತೂಕ ನೋಡಿ. ಹೆಚ್ಚಿದ ತೂಕ ಫ್ಯಾರಡೆ ಲೆಕ್ಕಕ್ಕೆ ಹತ್ತಿರವಿರಬೇಕು.

ಬಂದ ಲೇಪ ಮಂಕು ನಸುಗೆಂಪಾಗಿರುತ್ತದೆ. ಮೃದುವಾದ ಬಟ್ಟೆ ಮತ್ತು ಲೋಹದ ಪಾಲಿಶಿನಿಂದ ಹಗುರವಾಗಿ ತಿಕ್ಕಿದರೆ ಹೊಳಪು ಏಳುತ್ತದೆ. ಯಂತ್ರದ ಚಕ್ರ ಹಿಡಿದರೆ ಉಬ್ಬಿದ ಅಕ್ಷರಗಳ ಮೇಲೆ 13 ಮೈಕ್ರಾನ್ ಹಾರಿಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಬಣ್ಣ ಹೀಗೇ ಉಳಿಯಬೇಕೆಂದರೆ ಪಾರದರ್ಶಕ ಅಕ್ರಿಲಿಕ್ ಲ್ಯಾಕರ್ ಅಥವಾ ಮೇಣದ ತೆಳು ಪದರ ಕೊಡಿ. ನನಗಂತೂ ಏನೂ ಹಚ್ಚದೆ ಬಿಟ್ಟ ತಾಮ್ರ ನಿಧಾನವಾಗಿ ಗಾಢ ಕಂದಿಗೆ ತಿರುಗುವುದೇ ಹೆಚ್ಚು ಇಷ್ಟ. ಹಾಗೆ ಬಿಡುವವರು ತೇವದಿಂದ ದೂರವಿಡಿ, ಇಲ್ಲವಾದರೆ ಹಸಿರು ಕಿಲುಬು ಹತ್ತುತ್ತದೆ.

ಹಂತ 8: ದ್ರಾವಣವನ್ನು ಏನು ಮಾಡುವುದು

ಚೆಲ್ಲಬೇಡಿ. ಸೋಸಿ, ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ‘ವಿಷ – ತಾಮ್ರದ ಸಲ್ಫೇಟ್, ಆಮ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ಮಕ್ಕಳ ಕೈಗೆ ಸಿಗದ ಕಡೆ ಬೀಗ ಹಾಕಿಡಿ. ತಂಪು ಪಾನೀಯದ ಬಾಟಲಿಗೆ ಎಂದೂ ತುಂಬಬೇಡಿ. ಈ ನೀಲಿ ನೀರು ನೋಡಲು ಶರಬತ್ತಿನಂತೆಯೇ ಇರುತ್ತದೆ. ಮುಂದಿನ ನಾಣ್ಯಕ್ಕೆ, ಅದರ ಮುಂದಿನದಕ್ಕೆ ಇದೇ ದ್ರಾವಣ ಬರುತ್ತದೆ.

ಬಿಸಾಡಲೇಬೇಕಾದ ದಿನ ಬಂದರೆ ಚರಂಡಿಗೋ ಮಣ್ಣಿಗೋ ಸುರಿಯಬಾರದು. ತಾಮ್ರದ ಲವಣ ಮೀನಿಗೂ ನೀರಿನ ಇತರ ಜೀವಿಗಳಿಗೂ ಅತಿ ಸಣ್ಣ ಪ್ರಮಾಣದಲ್ಲೇ ಮಾರಕ. ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾವನ್ನು ಚೂರುಚೂರೇ ಸೇರಿಸಿ; ನೊರೆ ಉಕ್ಕುತ್ತದೆ, ಆದ್ದರಿಂದ ಅವಸರ ಬೇಡ. ನೊರೆ ನಿಂತು, ತಾಮ್ರ ಹಸಿರುನೀಲಿ ಗಸಿಯಾಗಿ ತಳಕ್ಕಿಳಿದು, ಮೇಲಿನ ನೀರು ಬಣ್ಣ ಕಳೆದುಕೊಳ್ಳುವವರೆಗೆ ಮುಂದುವರಿಸಿ. ಗಸಿಯನ್ನು ಸೋಸಿ ಒಣಗಿಸಿ, ಅದನ್ನೂ ಉಳಿದ ನೀರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರು ಬರೆದು ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸಿ. ನಾಣ್ಯ ಅದ್ದಿದ ಆಮ್ಲವನ್ನೂ, ತಾಮ್ರ ಸೇರಿದ ಮೊದಲ ತೊಳೆನೀರನ್ನೂ ಇದೇ ಬಕೆಟ್ಟಿಗೆ ಹಾಕಿ.